ಬೀಗ ಜಡಿದ ಬೀರು

ಬೀಗದ ಕೈ ಮುರಿದದ್ದು ಪಿ.ಟಿ. ಮೇಷ್ಟ್ರ ಕೈಯಲ್ಲಿ, ಬೈಸಿಕೊಂಡದ್ದು ಮಾತ್ರ ವಿಜ್ಞಾನದ ಮೇಷ್ಟ್ರು. ಪಾಪದವರ ಹಣೆಬರಹವೇ ಅಷ್ಟು.

ಆ ಹೈಸ್ಕೂಲಿನ ಪ್ರಯೋಗಾಲಯದಲ್ಲೊಂದು ಗಾಜಿನ ಬೀರು. ಒಳಗೆ ಮಸೂರ, ಪಟ್ಟಕ, ಸೂಕ್ಷ್ಮದರ್ಶಕ ಎಲ್ಲ ಪಳಪಳ ಹೊಳೆಯುತ್ತಿದ್ದವು. ಒಡೆದರೆ ಯಾರು ಜವಾಬು ಕೊಡುವುದು ಎಂದು ಹೆಡ್‌ಮಾಸ್ಟರು ಅದಕ್ಕೆ ಬೀಗ ಜಡಿದಿದ್ದರು. ಮಕ್ಕಳು ಮಿಠಾಯಿ ಅಂಗಡಿಯ ಮುಂದೆ ನಿಂತವರಂತೆ ಗಾಜಿಗೆ ಮೂಗೊತ್ತಿ ವಿಜ್ಞಾನ ಕಲಿತರು. ಹೋದ ವರ್ಷದ ಪರೀಕ್ಷೆಯಲ್ಲಿ ಹತ್ತನೆಯ ತರಗತಿ ಅರ್ಧಕ್ಕರ್ಧ ಡುಮ್ಕಿ ಹೊಡೆಯಿತು.

ಈ ವರ್ಷ ಮೇಷ್ಟ್ರು ಮನೆಯ ಲೋಟ, ಬಾಟಲಿ, ಜರಡಿ ಹೊತ್ತು ತಂದು ಹೇಗೋ ಪಾಠ ಸಾಗಿಸುತ್ತಿದ್ದರು. ಅಡುಗೆಮನೆ ಖಾಲಿಯಾಯಿತೆಂದು ಹೆಂಡತಿ ಗೊಣಗುತ್ತಿದ್ದರು. ಬೀರು ಬಿಟ್ಟುಕೊಡಿ ಎಂದು ಗೋಗರೆದಾಗಲೆಲ್ಲ ಹೆಡ್‌ಮಾಸ್ಟರದು ಒಂದೇ ಉತ್ತರ: "ಮೇಲಿನ ಸಾಹೇಬರು ಒಂದು ಮಾತು ಹೇಳ್ಲಿ, ಮಕ್ಕಳ ಕೈಗೇ ಕೊಡ್ತೀನಿ."

ಶಿಕ್ಷಣ ಇಲಾಖೆಯ ಆ ಸಾಹೇಬರು ಇವತ್ತು ಪಾಠ ನೋಡಲು ಬರುವವರಿದ್ದರು. ಅವರ ಮುಂದಾದರೂ ಬೀರು ತೆಗೆಯುತ್ತಾರಲ್ಲ ಎಂದು ಮೇಷ್ಟ್ರು ಬರಿಗೈಲಿ ಬಂದಿದ್ದರು. ಹೆಡ್‌ಮಾಸ್ಟರು ಕೀಲಿ ಕೊಟ್ಟರೂ ತುಕ್ಕು ಹಿಡಿದ ಬೀಗ ಜಪ್ಪಯ್ಯ ಅನ್ನಲಿಲ್ಲ. "ಬಿಡಿ ಇತ್ಲಾಗೆ, ನಾನು ನೋಡ್ತೀನಿ" ಎಂದು ಪಿ.ಟಿ. ಮೇಷ್ಟ್ರು ತಿರುವಿದರು, ಕೀಲಿ ಎರಡು ತುಂಡಾಯಿತು.

"ಎಣ್ಣೆ ಬಿಡ್ಬೇಕಿತ್ತು" ಎಂದು ಡ್ರಾಯಿಂಗ್ ಮೇಷ್ಟ್ರು ಎಣ್ಣೆ ಸುರಿದರು. ಗಣಿತದ ಮೇಡಂ ಕೈವಾರದ ಮೊನೆ ತೂರಿಸಿದರು. ಅದೂ ಒಳಗೇ ಮುರಿದು ಕೀಲಿಯ ತುಂಡಿಗೆ ಜೊತೆಯಾಯಿತು.

"ಎಲ್ಲಾ ನಿಮ್ಮಿಂದಲೇ ಆಗಿದ್ದು ಕಣ್ರೀ" ಎಂದು ಹೆಡ್‌ಮಾಸ್ಟರು ವಿಜ್ಞಾನದ ಮೇಷ್ಟ್ರ ಮೇಲೆ ಹರಿಹಾಯುತ್ತಿರುವಾಗಲೇ ಸಾಹೇಬರು ಒಳಗೆ ಬಂದು ಕೂತರು.

ಮೇಷ್ಟ್ರು ಬರಿಯ ಮೇಜು ತಡಕಾಡಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಸಾಹೇಬರಿಗೆಂದು ಇಟ್ಟಿದ್ದ ನೀರಿನ ಗಾಜಿನ ಲೋಟವನ್ನೇ ಎತ್ತಿಕೊಂಡಳು. ಕಾಗದದ ಮೇಲೆ ಬಾಣದ ಗುರುತು ಬರೆದು ಲೋಟದ ಹಿಂದೆ ದೂರಕ್ಕೆ ಹಿಡಿದಳು. ನೀರಿನ ಮೂಲಕ ನೋಡಿದರೆ ಎಡಕ್ಕಿದ್ದ ಬಾಣ ಬಲಕ್ಕೆ ತಿರುಗಿತ್ತು.

ನೀರು ಕುಡಿಯಲು ಕೈ ಚಾಚಿದ್ದ ಸಾಹೇಬರು ಹಾಗೇ ಕೇಳಿದರು, "ಇದ್ಯಾಕಮ್ಮ ಹೀಗೆ?"

"ಬೆಳಕು ನೀರಲ್ಲಿ ಬಾಗುತ್ತೆ ಸಾರ್. ಆಚೆ ಬಂದ್ಮೇಲೆ ಕಿರಣಗಳು ಒಂದನ್ನೊಂದು ದಾಟ್ತವೆ, ಅದಕ್ಕೇ ತಿರುಗುಮುರುಗು."

"ಹತ್ತಿರ ತಂದ್ರೆ?"

"ದಾಟಕ್ಕೆ ಜಾಗ ಇರಲ್ಲ, ಮೊದಲಿನ ಹಾಗೇ ಕಾಣುತ್ತೆ," ಎಂದಿತು ಇಡೀ ತರಗತಿ, ಹಿಂದಿನ ಬೆಂಚೂ ಸೇರಿ.

ಸಾಹೇಬರು ಕೇಳಿದ್ದಕ್ಕೆಲ್ಲ ಮಕ್ಕಳು ಪಟಪಟನೆ ಉತ್ತರ ಕೊಟ್ಟರು. ಹೋದ ವರ್ಷದ ಫಲಿತಾಂಶ ಕಂಡಿದ್ದ ಮೇಷ್ಟ್ರ ಕಣ್ಣು ಒದ್ದೆಯಾಯಿತು. ಸಾಹೇಬರು ಬೆನ್ನು ತಟ್ಟಿದಾಗ ಇದೇ ಸಮಯವೆಂದು ಬಾಯಿಬಿಟ್ಟರು.

"ಸಾರ್, ಆ ಬೀರುವಿನ ಬಗ್ಗೆ ನೀವೊಂದು ಮಾತು ಹೇಳ್ಬೇಕು."

"ಖಂಡಿತ ಹೇಳ್ತೀನಿ. ಒಂದು ಲೋಟ ನೀರಲ್ಲಿ ಇಷ್ಟು ಕಲಿಸೋರಿಗೆ ಬೀರು ಯಾಕ್ರೀ? ಪಕ್ಕದ ಹೈಸ್ಕೂಲಲ್ಲಿ ಮಕ್ಕಳು ತುಂಬಾ ಹಿಂದಿದ್ದಾರೆ. ಇವತ್ತೇ ಅದನ್ನ ಅಲ್ಲಿಗೆ ಕಳಿಸಿ."

ಈ ಸಲ ಪಿ.ಟಿ. ಮೇಷ್ಟ್ರ ತೋಳು ಚೆನ್ನಾಗಿಯೇ ಕೆಲಸ ಮಾಡಿತು. ಬೀರು ವ್ಯಾನು ಹತ್ತಿತು. ಖಾಲಿ ಜಾಗ ನೋಡುತ್ತ ನಿಂತ ಮೇಷ್ಟ್ರಿಗೆ ಅದೇ ಹುಡುಗಿ ಹೇಳಿದಳು, "ಸಾರ್, ಬೀರು ಹೋಗಿದ್ದೇ ಅದರ ಹಿಂದಿದ್ದ ಕಿಟಕಿ ತೆಗೆಯೋಕೆ ಬಂತು. ಎಷ್ಟು ಬಿಸಿಲು ನೋಡಿ. ನಾಳೆ ನಾವೇ ಮನೆಯಿಂದ ಲೋಟ ತರ್ತೀವಿ."

ಮೇಷ್ಟ್ರು ನಕ್ಕರು. ಹೋಗಲಿ, ಅಲ್ಲಿಯ ಮಕ್ಕಳಾದರೂ ಮುಟ್ಟಿ ನೋಡಲಿ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುವಷ್ಟರಲ್ಲಿ ಪಕ್ಕದ ಹೈಸ್ಕೂಲಿನ ಹೆಡ್‌ಮಾಸ್ಟರ ಫೋನು ಬಂತು.

"ಬೀರು ಜೋಪಾನವಾಗಿ ಬಂತು ಮೇಷ್ಟ್ರೇ. ಹಳೇ ಬೀಗ ಕೆಟ್ಟಿತ್ತು, ಒಡೆಸಿಬಿಟ್ಟೆ. ನೀವೇನೂ ಚಿಂತೆ ಮಾಡ್ಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಎರಡು ಹೊಸ ಬೀಗ ಹಾಕಿಸಿದ್ದೀನಿ."