ವಜ್ರಣ್ಣನ ಕಡಲೆಕಾಳು

ಸುತ್ತಿಗೆಯಿಂದ ಒಂದೇ ಒಂದು ಏಟು. ಅಷ್ಟಕ್ಕೇ ಹಳೆ ಲಾರಿಯ ಬಂಪರು ಹಣ್ಣೆಲೆ ಉದುರಿದಷ್ಟು ಸಲೀಸಾಗಿ ಕಳಚಿಕೊಂಡು ವಜ್ರಣ್ಣನ ಎಡಗಾಲಿನ ಮೇಲೆ ಬಿತ್ತು.

"ಅಯ್ಯಯ್ಯಪ್ಪಾ! ಯಾವ ಕುರುಡ ಹಾಕಿದ ಬೆಸುಗೆಯೋ ಇದು?"

ಒಂಟಿಕಾಲಲ್ಲಿ ಕುಣಿಯುತ್ತಲೇ ಅವನು ಎದುರಂಗಡಿಯ ಭಾಮೈದನ ಕಡೆ ನೋಡಿದ. ಒಂದು ಕಾಲದಲ್ಲಿ ಇಬ್ಬರೂ ಒಂದೇ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ಈ ಲಾರಿಗೆ ಒಬ್ಬ ಬಂಪರು ಬೆಸೆದಿದ್ದ, ಇನ್ನೊಬ್ಬ ಹಿಂದಿನ ಏಣಿ. ಯಾರು ಯಾವುದನ್ನು ಎಂಬುದು ಮರೆತೇ ಹೋಗಿತ್ತು. ಲಾರಿ ಈಗ ಗುಜರಿಗೆ ಹೊರಟಿತ್ತು. ಅವೆರಡನ್ನೂ ಬಿಚ್ಚಿ ಹೊಸ ಲಾರಿಗೆ ಹಾಕಿಸುವುದು ಲಾರಿ ಯಜಮಾನರ ಆಸೆ. ಅವರ ಹತ್ತು ಲಾರಿಗಳ ಕೆಲಸ ಇನ್ನು ಮುಂದೆ ಯಾರಿಗೆ ಎಂಬುದೂ ಇವತ್ತೇ ತೀರ್ಮಾನ. ವಜ್ರಣ್ಣನಿಗೆ ಆ ಕೆಲಸ ಬೇಕೇ ಬೇಕಿತ್ತು. ಅಂದಹಾಗೆ, ವಜ್ರಣ್ಣ ಎಂಬ ಹೆಸರು ಅವನು ತಾನೇ ಇಟ್ಟುಕೊಂಡದ್ದು.

"ಇದು ನಿಮ್ಮ ಭಾಮೈದ ಹಾಕಿದ್ದಾ?" ಯಜಮಾನರು ಕೇಳಿದರು.

"ಇನ್ಯಾರು ಯಜಮಾನ್ರೇ? ಎಂಜಲು ಹಚ್ಚಿ ಅಂಟಿಸಿದ ಹಾಗಿದೆ!"

ಭಾಮೈದ ಒಂದು ಸ್ಟೂಲು ತಂದು ನೆರಳಲ್ಲಿ ಹಾಕಿಕೊಂಡು ಕೂತ.

ಏಣಿಯ ಸರದಿ ಬಂತು. ಉಳಿಯ ಬಾಯಿ ಮುರಿಯಿತು. ಗ್ರೈಂಡರಿನ ಬಿಲ್ಲೆ ಸಿಡಿಯಿತು. ಏಣಿ ಮಿಸುಕಲಿಲ್ಲ.

"ನೋಡಿ ಯಜಮಾನ್ರೇ, ಇದು ನನ್ನ ಕೈ!" ಎಂದು ವಜ್ರಣ್ಣ ಬೆವರು ಒರೆಸಿಕೊಂಡ.

"ಅಣ್ಣಾ, ಹಗ್ಗ ಕಟ್ಟಿ ಎಳೆದುಬಿಡೋಣ," ಎಂದ ಪಂಕ್ಚರ್ ಅಂಗಡಿಯವನು. ಬಿಟ್ಟಿ ಸಲಹೆ ಕೊಡುವುದರಲ್ಲಿ ಅವನದು ಎತ್ತಿದ ಕೈ.

ಏಣಿಗೆ ಹಗ್ಗ ಕಟ್ಟಿ ಹೊಸ ಲಾರಿಯಿಂದ ಎಳೆಸಿದರು. ಏಣಿ ಬರಲಿಲ್ಲ, ಹಳೆ ಲಾರಿಯೇ ತಾಯಿಯ ಹಿಂದೆ ಕರು ಹೋದ ಹಾಗೆ ಹೊರಟುಬಿಟ್ಟಿತು. ಕ್ಷೌರದಂಗಡಿಯ ಬೋರ್ಡು ಕಿತ್ತು ಬಂತು. ಮುಖದ ತುಂಬ ನೊರೆ ಮೆತ್ತಿಕೊಂಡ ಗಿರಾಕಿಯೊಬ್ಬ ಬೀದಿಗೆ ಹಾರಿದ. ಏಣಿಗೆ ಜೋತುಬಿದ್ದಿದ್ದ ವಜ್ರಣ್ಣ ಮಾತ್ರ ಮೆರವಣಿಗೆ ಹೊರಟವನಂತೆ ಕೂಗುತ್ತಿದ್ದ.

"ನೋಡ್ರಪ್ಪಾ! ಬೆಸುಗೆ ಅಂದ್ರೆ ಇದು!"

ಬೀದಿಯ ತುದಿಯಲ್ಲಿ ಲಾರಿ ನಿಂತಿತು. ಯಜಮಾನರು ಏದುಸಿರು ಬಿಡುತ್ತ ಬಂದರು. "ಕೆಲಸ ನಿಮಗೇ ಕೊಡೋಣ. ಆದ್ರೆ ಇದು ನಿಮ್ಮದೇ ಅನ್ನೋಕೆ ಏನು ಗುರುತು?"

"ಬೆಸುಗೆ ಮುಗಿಯೋ ಕಡೆ ಕಡಲೆಕಾಳಿನಷ್ಟು ಗಂಟು ಬಿಟ್ಟಿರ್ತೀನಿ. ಅದೇ ನನ್ನ ಸಹಿ. ಬಣ್ಣ ಕೆರೆದು ನೋಡಿ!"

ಪಂಕ್ಚರ್ ಅಂಗಡಿಯವನು ಹುರುಪಿನಿಂದ ಕೆರೆದ. ಬೆಸುಗೆ ಅಂಗೈಯಷ್ಟು ನುಣುಪಾಗಿತ್ತು.

"ಕಾಳು ಇಲ್ಲವಲ್ಲಣ್ಣಾ."

"ಕೆಳಗೆ ನೋಡೋ!"

"ಕೆಳಗೂ ಇಲ್ಲ."

ಅಷ್ಟರಲ್ಲಿ ಭಾಮೈದ ಬಂಪರನ್ನು ಹೆಗಲ ಮೇಲೆ ಹೊತ್ತು ತಂದು ಎಲ್ಲರೆದುರು ಇಳಿಸಿದ. ಬಣ್ಣ ಎದ್ದುಹೋಗಿದ್ದ ಕಡೆ ಬೆರಳಿಟ್ಟ.

"ಭಾವ, ನಿಮ್ಮ ಕಾಳು ಇಲ್ಲಿದೆ ನೋಡಿ."

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ನೊರೆ ಮುಖದ ಗಿರಾಕಿಯಂತೂ ಅಲ್ಲೇ ಕುಕ್ಕರಿಸಿದ. ವಜ್ರಣ್ಣನ ಮುಖ ನೋಡಲಾಗದೆ ಯಜಮಾನರು ಅವನ ಬೆನ್ನು ಸವರಿದರು.

"ಬೆಸೆಯೋ ಕೆಲಸ ನಿಮ್ಮ ಭಾಮೈದನಿಗಿರಲಿ. ನಿಮಗೂ ಕೆಲಸ ಉಂಟು."

ವಜ್ರಣ್ಣ ಕತ್ತೆತ್ತಿದ.

"ನನ್ನ ಹತ್ತು ಲಾರಿಗಳಲ್ಲಿ ನೀವು ಬೆಸೆದಿರೋದನ್ನೆಲ್ಲ ಹುಡುಕಿ ಬಿಚ್ಚಿಕೊಡಿ. ಒಂದೊಂದು ಏಟಿನ ಕೆಲಸ, ಅದಕ್ಕೇನು ಕೂಲಿ ಕೇಳ್ತೀರಾ?"

ತಮ್ಮ ಕಾಲ ಮೇಲೆ ತಾವೇ ಚಪ್ಪಡಿ ಎಳೆದುಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಂಪರು ಎಳೆದುಕೊಂಡವನು ವಜ್ರಣ್ಣ ಒಬ್ಬನೇ. ಅವನು ಕುಂಟುತ್ತ ಸುತ್ತಿಗೆ ಹುಡುಕಲು ಹೊರಟ.