ಕೂಗಿಲ್ಲದ ಬೆಳಗಿನ ಪಂದ್ಯ

ಗೆಡೆ ಸುಡಿಯಾರ್ತ, ಮಕ್ಕಳನ್ನು ಕೂಗದೆ ಬೆಳೆಸುವುದನ್ನು ಕಲಿಸಲು ಬಂದ ಆ ಮಹಾತಾಯಿಯನ್ನು ಮೊದಲು ಕಂಡದ್ದು ಗಿಯಾನ್ಯಾರ್ ಪಟ್ಟಣದ ಒಂದು ಶಿಶುವಿಹಾರದ ಹಜಾರದಲ್ಲಿ, ಪೋಷಕರ ಸಭೆಯ ದಿನ. ಬಿಳಿ ಕುಪ್ಪಸ, ಬೂದು ಲಂಗ, ಕಿವಿಯ ಹಿಂದೊಂದು ಪೆನ್ಸಿಲು. ವೇದಿಕೆ ಹತ್ತಿದವಳು ನಮಸ್ಕಾರವನ್ನೂ ಹೇಳದೆ, ಅಂಗೈಯಗಲದ ಚಿತ್ರವೊಂದನ್ನು ಎತ್ತಿ ಹಿಡಿದು ಸುಮ್ಮನೆ ನಿಂತಳು. ಹಲ್ಲುಜ್ಜುವ ಬ್ರಷ್ಷಿನ ಚಿತ್ರ. ಸಭೆ ಕಸಿವಿಸಿಗೊಂಡಿತು. ಮುಂದಿನ ಸಾಲಿನಲ್ಲಿದ್ದ ಮೀನಿನ ವ್ಯಾಪಾರಿ ತಡೆಯಲಾರದೆ ತೋರುಬೆರಳಿನಿಂದ ಹಲ್ಲುಜ್ಜತೊಡಗಿದ.

"ನೋಡಿದ್ರಾ, ನಾನು ಕೂಗಲೇ ಇಲ್ಲ" ಎಂದಳು ಆಕೆ.

ಸುಡಿಯಾರ್ತನಿಗೆ ಜ್ಞಾನೋದಯವಾಯಿತು. (ಮೀನಿನವನಿಗೆ ಬರೀ ನಾಚಿಕೆಯಾಯಿತು.)

ಅಂದಿನಿಂದ ಮನೆಮಂದಿಯೆಲ್ಲ ಅವನ ಕಣ್ಣಿಗೆ ಕಾಡುಜನರಾಗಿ ಕಂಡರು. ಅವನಮ್ಮ ಮೊಮ್ಮಗನನ್ನು ಎಬ್ಬಿಸುವ ದನಿಗೆ ಪಕ್ಕದ ಮನೆಯ ಬಾತುಕೋಳಿಗಳು ನೀರಿಗಿಳಿಯುತ್ತಿದ್ದವು. ಹೆಂಡತಿ ಮುರ್ನಿಯ ಗಂಟಲೂ ಅತ್ತೆಗೆ ತಕ್ಕದ್ದೇ. ಇದು ಮಕ್ಕಳನ್ನು ಬೆಳೆಸುವ ರೀತಿಯಲ್ಲ, ದನ ಅಟ್ಟುವ ರೀತಿ ಎಂದು ಅವನು ತುಟಿ ಕೊಂಕಿಸಿದ. ಬಚ್ಚಲ ಬಾಗಿಲ ಪಕ್ಕ, ಪ್ಲಾಸ್ಟಿಕ್ ಹೊದಿಸಿದ ಚಿತ್ರಗಳನ್ನು ಸಾಲಾಗಿ ಅಂಟಿಸಿದ: ಕಕ್ಕಸು, ಬ್ರಷ್ಷು, ನೀರಿನ ಚೊಂಬು, ಅಂಗಿ, ಅನ್ನ. ಮಗ ದಿಪ್ತ ಚಿತ್ರ ಕಂಡೊಡನೆ ಆ ಕೆಲಸ ಮಾಡಬೇಕು. ಮುಗಿದ ಚಿತ್ರವನ್ನು ಕಿತ್ತು ಕೆಳಗಿನ ತಟ್ಟೆಗೆ ಹಾಕಬೇಕು. ತಟ್ಟೆಗೇನು ಬರವೇ? ದೇವರಿಗೆ ಹೂವಿಡಲು ಅಮ್ಮ ಎಳೆ ತೆಂಗಿನ ಗರಿಯಲ್ಲಿ ಹೆಣೆದು ಪೇರಿಸಿಟ್ಟವುಗಳಲ್ಲಿ ಒಂದನ್ನು ಎತ್ತಿಕೊಂಡ. ಅವನ್ನು ದಿನವೂ ಹೆಣೆಯುವುದು ಹೆಂಗಸರ ಕೆಲಸ. ವಿದ್ಯಾವಂತ ಗಂಡಸಿನ ಕಣ್ಣಿಗೆ ಅವು ಬಿಟ್ಟಿ ಬುಟ್ಟಿಗಳು.

ಮಗ ಚಿತ್ರಗಳಿಗೆ ನಿಜಕ್ಕೂ ಒಗ್ಗಿಕೊಂಡ. ಸುಡಿಯಾರ್ತನ ತಲೆ ಮೋಡ ಮುಟ್ಟಿತು.

"ಮನೆಗುಡಿ ಹಬ್ಬದ ದಿನ ನೋಡೋಣ, ಬ್ಲಿ" ಎಂದಳು ಮುರ್ನಿ. (ಗಂಡನನ್ನು ಬ್ಲಿ ಎನ್ನುವಾಗ ಅವಳ ದನಿಯಲ್ಲಿ ಗೌರವ ಎಷ್ಟಿರುತ್ತದೆಂಬುದು ಆಯಾ ದಿನಕ್ಕೆ ಬಿಟ್ಟದ್ದು.) "ಅವತ್ತು ನಾನೂ ಅತ್ತೆನೂ ಬಾಯಿಗೆ ಬೀಗ ಹಾಕ್ಕೋತೀವಿ. ನೀವೂ ಕೂಗಬಾರದು. ಯಾರು ಮೊದಲು ಕಿರುಚ್ತಾರೋ, ಇನ್ಮೇಲೆ ಅವರೇ ದಿನಾ ಇವನನ್ನ ಹೊರಡಿಸಬೇಕು."

"ಕಿರುಚೋದು ನಿಮ್ಮ ಚಾಳಿ, ನಂದಲ್ಲ."

"ಸೋತವರೇ ತಟ್ಟೆನೂ ಹೆಣೀಬೇಕು" ಎಂದರು ಅಮ್ಮ ಒಳಗಿನಿಂದ.

ನಕ್ಕು ಒಪ್ಪಿಕೊಂಡ.

ಹಬ್ಬದ ಬೆಳಗ್ಗೆ ಮನೆ ಮಠದಷ್ಟು ಶಾಂತವಾಗಿತ್ತು. ದಿಪ್ತ ಕಕ್ಕಸು ಮುಗಿಸಿ ಅದರ ಚಿತ್ರವನ್ನು ತಟ್ಟೆಗೆ ಹಾಕಿದ. ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ತಟ್ಟೆಯೇ ಇರಲಿಲ್ಲ. ಉಳಿದ ಚಿತ್ರಗಳನ್ನು ಜಾಣನಂತೆ ಸೊಂಟಕ್ಕೆ ಸಿಕ್ಕಿಸಿಕೊಂಡ. ಸ್ನಾನವಾಗಿ, ಬಿಳಿ ಅಂಗಿ ತೊಟ್ಟು, ಹಳದಿ ನಡುಪಟ್ಟಿ ಬಿಗಿದು ಅಂಗಳಕ್ಕೆ ಬಂದ ಮಗನನ್ನು ಸುಡಿಯಾರ್ತ ನೆಂಟರ ನಡುವೆ ಮೆರೆಸಿದ. ಮಕ್ಕಳನ್ನು ಗದರಿಸಿ ಎಳೆತಂದಿದ್ದ ಚಿಕ್ಕಪ್ಪಂದಿರ ಕಡೆ ಕನಿಕರದ ನೋಟ ಬೀರಿದ.

ತಟ್ಟೆ ಮನೆಯಂಗಳದ ಗುಡಿಯಲ್ಲಿತ್ತು. ಮಂಜುಗಣ್ಣಿನ ಅಮ್ಮ ಅವಸರದಲ್ಲಿ ಅದನ್ನೂ ಎತ್ತಿ, ಹೂವು ತುಂಬಿ, ಊದುಬತ್ತಿ ಸಿಕ್ಕಿಸಿ ದೇವರ ಮುಂದೆ ಇಟ್ಟಿದ್ದರು.

ಪೂಜಾರಿ ತೀರ್ಥ ಚಿಮುಕಿಸಿದಾಗ ಹೂವು ಸರಿದು ಏನೋ ಹೊಳೆಯಿತು. ದೇವರ ಪಟವೇ ಇರಬೇಕೆಂದು ಆತ ಭಕ್ತಿಯಿಂದ ಹಣೆಗೊತ್ತಿಕೊಂಡು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

ಹಿರಿಯರು ಕೈಮುಗಿದರು. ಮುಗಿದ ಮೇಲೆ ನೋಡಿದರು.

ನಿಯಮ ತಪ್ಪದೆ ನಡೆದವನು ದಿಪ್ತ ಒಬ್ಬನೇ. ಚಿತ್ರ ಕಂಡಿತು, ಕೆಲಸವಾಗಬೇಕು. ನಡುಪಟ್ಟಿ ಬಿಚ್ಚಿದ. ದೇವರ ಎದುರಿಗೇ, ಸಂಪಿಗೆ ಮರದಡಿಯ ಒಳ್ಳೆಯ ಜಾಗ ನೋಡಿ ಪಂಚೆ ಎತ್ತಿ ಕುಕ್ಕರಿಸಿದ.

"ದಿಪ್ತಾ! ಏಳೋ ಕತ್ತೆ!" ಸುಡಿಯಾರ್ತ ಕಿರುಚಿದ.

ವಾದ್ಯದವರ ಕೈ ನಿಂತಿತು. ಬಾತುಕೋಳಿಗಳು ನೀರಿಗಿಳಿದವು.

"ಅಷ್ಟು ಜೋರಾಗಿ ನಾನೂ ಯಾವತ್ತೂ ಕೂಗಿಲ್ಲಪ್ಪ" ಎಂದರು ಅಮ್ಮ.

ಮುರ್ನಿ ಗೋಡೆಗೆ ಒರಗಿಸಿಟ್ಟಿದ್ದ ಒಂದು ಎಳೆ ತೆಂಗಿನ ಗರಿ ತಂದು, ಗಂಡನ ಚಿತ್ರವಿದ್ಯೆಗೆ ಗೌರವ ಕೊಡುವಂತೆ ಎಲ್ಲರೆದುರು ಅವನ ಮುಂದೆ ಎತ್ತಿ ಹಿಡಿದು ನಿಂತಳು.

ಗುಡಿಗೆ ಶುದ್ಧಿಯಾಯಿತು. ಈಗ ಸುಡಿಯಾರ್ತ ಬೆಳಗ್ಗೆ ಮಗನನ್ನು ಕೂಗಿ ಎಬ್ಬಿಸಿ ಶಾಲೆಗೆ ಬಿಡುತ್ತಾನೆ. ಸಂಜೆ ಅಮ್ಮನ ಪಕ್ಕ ಕುಳಿತು ತಟ್ಟೆ ಹೆಣೆಯುತ್ತಾನೆ.