ಸೊನ್ನೆ ಡಾಲರಿನ ಜಗಳ

ನಮ್ಮಕ್ಕನಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಹೇಳಿದರೆ, "ಯಾವ ಡಾಕ್ಟರ್ ಬರ್ಕೊಟ್ಟ? ಚೀಟಿ ತೋರ್ಸು" ಎಂದು ಕೈ ಚಾಚುತ್ತಾಳೆ. ಬೇರೆ ಯಾರಾದರೂ ಹೇಳಿದರೋ, ನಾನೇ ತೋಳೇರಿಸಿಕೊಂಡು ಜಗಳಕ್ಕೆ ಹೋಗುತ್ತೇನೆ. ಅವಳ ತಲೆ ನೆಟ್ಟಗಿದೆ ಸ್ವಾಮಿ! ಅವಳ ಎದುರಿಗೆ ನಿಂತವರದ್ದು ಕೆಡುತ್ತದೆ, ಅಷ್ಟೇ.

ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು ಮದುವೆಯಾಗಿ ಅಮೆರಿಕಕ್ಕೆ ಬಂದಳು. ಆ ಮದುವೆ ಮುರಿಯಿತು. ಆರು ವರ್ಷದ ಮಗಳು ಪುಟ್ಟಿಯ ಕೈ ಹಿಡಿದುಕೊಂಡು ಬಾಥೆಲ್‌ನ ನಮ್ಮ ಮನೆಗೆ ಬಂದು ಸೇರಿದಳು. ಪಕ್ಕದೂರು ಕೆನ್ಮೋರ್‌ನ ಡೇಕೇರ್ ಒಂದರಲ್ಲಿ ಅರ್ಧ ದಿನದ ಕೆಲಸ. ಉಳಿದರ್ಧ ದಿನ ಓದು. ಏನು ಓದು ಅಂತೀರಿ? ಕಾದಂಬರಿಯೇ? ಪುರಾಣವೇ? ಊಹ್ಞೂಂ, ನಿಯಮಗಳು! ಶಾಂಪೂ ಬಾಟಲಿಯ ಬೆನ್ನ ಮೇಲಿರುವುದು, ಮಾತ್ರೆ ಡಬ್ಬಿಯೊಳಗೆ ಹದಿನಾರು ಮಡಿಕೆ ಮಾಡಿ ತುರುಕಿರುತ್ತಾರಲ್ಲ, ಅದು. 'ಐ ಅಗ್ರೀ' ಎಂದು ನಾವೆಲ್ಲ ಕಣ್ಣು ಮುಚ್ಚಿಕೊಂಡು ಒತ್ತುತ್ತೇವಲ್ಲ, ಅದನ್ನೂ ಮೊದಲಿಂದ ಕೊನೆಯವರೆಗೆ ಓದುತ್ತಾಳೆ. ಒಪ್ಪಿಗೆಯಾಗದಿದ್ದರೆ ಒತ್ತುವುದಿಲ್ಲ. ಈ ಕಾರಣಕ್ಕೇ ನಮ್ಮ ಹೊಸ ಪ್ರಿಂಟರು ಹದಿನೈದು ದಿನ ಡಬ್ಬದೊಳಗೇ ಕೂತಿತ್ತು.

ನಮ್ಮ ಕಾಲೊನಿಯ ಕಮಿಟಿಯವರಿಗೆ ಇದು ಗೊತ್ತಿರಲಿಲ್ಲ, ಪಾಪ. ಹಿತ್ತಲಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸಬಾರದು ಎಂದು ಕಾಗದ ಕಳಿಸಿದರು. ಈ ಊರಿನಲ್ಲಿ ಬಿಸಿಲು ಬರುವುದೇ ಜುಲೈನಲ್ಲಿ, ಅದಕ್ಕೂ ಕಲ್ಲು ಹಾಕಿದರೆ ಅಕ್ಕ ಬಿಡುತ್ತಾಳೆಯೇ? ಕಮಿಟಿಯ ನಲವತ್ತು ಪುಟದ ನಿಯಮಾವಳಿ ತರಿಸಿ ಓದಿದಳು. ಮುಂದಿನ ಶನಿವಾರ ಹಿತ್ತಲಲ್ಲಿ ವಾಲಿಬಾಲ್ ನೆಟ್ ಎದ್ದು ನಿಂತಿತು! ಕಮಿಟಿಯ ಅಧ್ಯಕ್ಷರೇ ಖುದ್ದು ಬಂದರು.

"ದಿಸ್ ಈಸ್ ನಾಟ್ ಕ್ಲೋತ್ಸ್‌ಲೈನ್ ಸರ್," ಎಂದಳು ಅಕ್ಕ. "ವಾಲಿಬಾಲ್ ನೆಟ್. ಪೇಜ್ ಟ್ವೆಂಟಿ ಟು. ಸ್ಪೋರ್ಟ್ಸ್ ಅಲೌಡ್."

"ಮತ್ತೆ ಅದರ ಮೇಲಿರೋದು?" ಎಂದು ಆತ ಇಂಗ್ಲಿಷಿನಲ್ಲಿ ಕೇಳಿದ.

"ಯೂನಿಫಾರ್ಮ್!"

ನೆಟ್ಟಿನ ಮೇಲೆ ಒಣಗುತ್ತಿದ್ದುದು ನನ್ನ ಚೌಕಳಿ ಲುಂಗಿ. ಪುಟ್ಟಿ, "ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್!" ಎಂದು ಒಳಗೆ ಓಡಿದಳು. ಅಧ್ಯಕ್ಷ ಇಪ್ಪತ್ತೆರಡನೇ ಪುಟ ನೋಡಿ, ತಲೆ ಕೆರೆದುಕೊಂಡು ಹೋದ. ನಾನು ಯಾವ ಟೀಮಿನಲ್ಲಿ ಆಡುತ್ತೇನೆ ಎಂದು ಪಕ್ಕದ ಮನೆಯವನು ಇವತ್ತಿಗೂ ಕೇಳುತ್ತಾನೆ.

ಇಂಥವಳ ಜೊತೆ ಟ್ಯಾಕ್ಸಿನ ವಿಷಯಕ್ಕೆ ಕೈ ಹಾಕಿದೆನಲ್ಲ, ನನಗೆ ಬುದ್ಧಿ ಎಲ್ಲಿ ಹೋಗಿತ್ತು! ಫೆಬ್ರವರಿಯ ಒಂದು ಶನಿವಾರ ಉಪ್ಪಿಟ್ಟು ತಿನ್ನುತ್ತಾ ಶುರು ಮಾಡಿದೆ.

"ಅಕ್ಕ, ಈ ಸಲ ಪುಟ್ಟಿ ಹೆಸರು ನನ್ನ ಟ್ಯಾಕ್ಸ್ ಫಾರಂನಲ್ಲಿ ಹಾಕ್ತೀನಿ. ಮಗು ಹೆಸರು ಯಾರಾದ್ರೂ ಒಬ್ಬರ ಫಾರಂನಲ್ಲಷ್ಟೇ ಇರಬೇಕು. ನಮ್ಮನೇಲೇ ಇದಾಳೆ, ಸೋದರ ಸೊಸೆ, ಕಾನೂನಲ್ಲೂ ಅಡ್ಡಿ ಇಲ್ಲ. ನನ್ನ ಟ್ಯಾಕ್ಸು ಸಾವಿರ ಡಾಲರ್ ಇಳಿಯತ್ತೆ. ಅಷ್ಟೂ ನಿನಗೇ ಕೊಟ್ಬಿಡ್ತೀನಿ."

"ಬೇಡ."

"ಯಾಕೆ?"

"ನನ್ನ ಮಗಳು. ನನ್ನ ಫಾರಂನಲ್ಲೇ ಇರ್ತಾಳೆ."

ನಾನು ಚಮಚ ಕೆಳಗಿಟ್ಟು ಪಾಠಕ್ಕೆ ಕೂತೆ. "ನೋಡಕ್ಕ, ಟ್ಯಾಕ್ಸಲ್ಲಿ ಸರ್ಕಾರ ಬಿಡೋ ರಿಯಾಯ್ತಿಗೆ ಕ್ರೆಡಿಟ್ ಅಂತಾರೆ. ಈ ಕ್ರೆಡಿಟ್‌ನಲ್ಲಿ ಎರಡು ಥರ. ನಾನ್‌ರಿಫಂಡಬಲ್ ಅಂದ್ರೆ ಅಂಗಡಿ ಕೂಪನ್ ಇದ್ದ ಹಾಗೆ. ಹತ್ತು ಡಾಲರ್ ಕೂಪನ್ ಇದೆ, ಸಾಮಾನು ಆರು ಡಾಲರ್‌ದು ಅಂತಿಟ್ಕೋ. ಸಾಮಾನು ಬಿಟ್ಟಿ ಬರತ್ತೆ, ಮಿಕ್ಕ ನಾಲ್ಕು ಡಾಲರ್ ಅಂಗಡಿಯವನು ಕೈಗೆ ಕೊಡಲ್ಲ. ರಿಫಂಡಬಲ್ ಆದ್ರೆ ಆ ನಾಲ್ಕೂ ಕೈಗೆ ಬರತ್ತೆ. ಈ ಮಕ್ಕಳ ಕ್ರೆಡಿಟ್ ಹೆಚ್ಚುಕಮ್ಮಿ ಮೊದಲನೇ ಥರ. ಒಂಚೂರು ಭಾಗ ಕೈಗೆ ಕೊಡ್ತಾರೆ, ಆದ್ರೆ ಅದಕ್ಕೂ ನಿನ್ನ ಸಂಬಳ ಸಾಲಲ್ಲ. ನಿನ್ನ ಸಂಬಳಕ್ಕೆ ಟ್ಯಾಕ್ಸೇ ಬರಲ್ಲ. ಸೊನ್ನೇಲಿ ಏನು ಕಳೀತೀಯ?"

"ಸೊನ್ನೇಲಿ ಕಳೆಯೋದನ್ನ ನಿನಗೆ ಏಳನೇ ಕ್ಲಾಸಲ್ಲಿ ಹೇಳ್ಕೊಟ್ಟೋಳು ನಾನು. ಆಗ ನಿನಗೆ ಬರ್ತಿರ್ಲಿಲ್ಲ, ನೆನಪಿದೆಯಾ?"

ನನ್ನ ಹೆಂಡತಿ ಮೆಲ್ಲಗೆ, "ಅತ್ತಿಗೆ, ಸಾವಿರ ಡಾಲರ್ ಸುಮ್ನೆ ಬಿಡ್ತೀರಾ?" ಎಂದಳು.

"ಸೊನ್ನೆ ಬಂದ್ರೆ ಬರಲಿ. ನನ್ನ ಸೊನ್ನೆ. ಮಗಳನ್ನ ಬಿಟ್ಟುಕೊಡಲ್ಲ."

ಯಾರೀಗ ಮಗಳನ್ನು ಕಿತ್ತುಕೊಳ್ಳುತ್ತಿದ್ದರು? ಒಂದು ಫಾರಂ, ಒಂದು ಸಾಲು! ನನಗೆ ರೇಗಿಹೋಯಿತು. ಭಾನುವಾರ ಗೆಳೆಯರೆಲ್ಲ ನಮ್ಮ ಮನೆಗೆ ಊಟಕ್ಕೆ ಬಂದಾಗ ಪಂಚಾಯ್ತಿಗೆ ಇಟ್ಟೆ. ಏಳು ಜನ ಇಂಜಿನಿಯರುಗಳು, ಏಳು ಜನವೂ ನನ್ನ ಕಡೆ. ಬಿಸಿಬೇಳೆಬಾತ್ ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದೇ ಕೇಳಿದಳು:

"ನಿಮ್ಮಲ್ಲಿ ಟ್ಯಾಕ್ಸ್ ಫಾರಂ ಜೊತೆ ಬರೋ ಸೂಚನೆ ಪುಸ್ತಕ ಯಾರ್ ಯಾರು ಓದಿದೀರಿ? ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. "ಅದೆಲ್ಲ ಸಾಫ್ಟ್‌ವೇರೇ ನೋಡ್ಕೊಳ್ಳತ್ತೆ ಅಕ್ಕ," ಎಂದ ಒಬ್ಬ.

"ಹಂಗಾದ್ರೆ ಊಟಾನೂ ಅದೇ ಬಡಿಸಲಿ," ಎಂದು ಅವನ ತಟ್ಟೆ ಬಿಟ್ಟು ಮುಂದಕ್ಕೆ ಹೋದಳು.

ಮರುದಿನ ಲೈಬ್ರರಿಯಿಂದ ಫಾರಮ್ಮೂ ಅದರ ಸೂಚನೆಗಳ ದಪ್ಪ ಪುಸ್ತಕವೂ ಬಂದವು. ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು, ಡಿಕ್ಷನರಿ ಪಕ್ಕದಲ್ಲಿಟ್ಟು, ಮೂರು ವಾರ ಓದಿ ಓದಿ ಫಾರಂ ತುಂಬಿದಳು. ನಾನು ಹಾದುಹೋಗುವಾಗಲೆಲ್ಲ, "ಎಷ್ಟು ಬಂತಕ್ಕ? ಸೊನ್ನೇನಾ?" ಎಂದು ಕಿಚಾಯಿಸುತ್ತಿದ್ದೆ. ಅವಳು ತಲೆಯೆತ್ತುತ್ತಿರಲಿಲ್ಲ. ಕೊನೆಗೆ ನನ್ನ ನಾಲಿಗೆ ಸುಮ್ಮನಿರದೆ, "ಒಂದೇ ಒಂದು ಡಾಲರ್ ಬಂದ್ರೂ ಒಂದು ತಿಂಗಳು ಪಾತ್ರೆ ನಾನೇ ತೊಳೀತೀನಿ" ಎಂದುಬಿಟ್ಟೆ.

"ಬರ್ದುಕೊಡು," ಎಂದಳು. ಬರೆದುಕೊಟ್ಟೆ. ಸಾಕ್ಷಿಯಾಗಿ ನನ್ನ ಹೆಂಡತಿ ಸಹಿ ಹಾಕಿದಳು, ಅದೂ ಎಷ್ಟು ಸಂತೋಷದಿಂದ!

ಮೇ ತಿಂಗಳಲ್ಲಿ ಸರ್ಕಾರದಿಂದ ಲಕೋಟೆ ಬಂತು. ಒಳಗೆ ಚೆಕ್ಕು. ಎರಡೂವರೆ ಸಾವಿರಕ್ಕೂ ಮೇಲೆ!

"ತಪ್ಪಾಗಿದೆ ಅಕ್ಕ! ಕ್ಯಾಶ್ ಮಾಡಬೇಡ, ಆಮೇಲೆ ವಾಪಸ್ ಕೇಳ್ತಾರೆ!" ಎಂದು ನಾನು ಬೊಬ್ಬೆ ಹೊಡೆದೆ.

ಅವಳು ಪುಸ್ತಕ ತಂದು ಒಂದು ಪುಟ ತೆಗೆದಳು. ಕಮ್ಮಿ ಸಂಬಳಕ್ಕೆ ದುಡಿಯುವವರಿಗೆಂದೇ ಇರುವ ಇನ್ನೊಂದು ಕ್ರೆಡಿಟ್. ಪೂರ್ತಿ ರಿಫಂಡಬಲ್. ಟ್ಯಾಕ್ಸ್ ಸೊನ್ನೆಯಾದರೂ ದುಡ್ಡು ಕೈಗೆ ಬರುತ್ತದೆ. ಮಕ್ಕಳಿಲ್ಲದಿದ್ದರೆ ಚಿಲ್ಲರೆ, ಮಗು ಇದ್ದರೆ ಬೇರೆ ಕಾಲಮ್ಮು. ಅಕ್ಕ 'ಒಂದು ಮಗು' ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟು, ತನ್ನ ಸಂಬಳದ ಸಾಲಿಗೆ ಇಳಿದು ನಿಂತಳು. ಚೆಕ್ಕಿನ ಮೇಲಿದ್ದ ಮೊತ್ತವೇ ಅಲ್ಲಿತ್ತು, ಒಂದು ಡಾಲರೂ ಆಚೀಚೆಯಿಲ್ಲ.

"ಪುಟ್ಟೀನ ನಿನ್ನ ಫಾರಂಗೆ ಕೊಟ್ಟಿದ್ರೆ ಈ ಕಾಲಮ್ಮೇ ನನಗಿಲ್ಲ. ಪಾಠ ಮಾಡೋಕೆ ಬಂದಿದ್ಯಲ್ಲೋ!"

ಏಳು ಜನ ಇಂಜಿನಿಯರುಗಳಿಗೆ ಮತ್ತು ನನಗೆ ಇದೇಕೆ ಗೊತ್ತಿರಲಿಲ್ಲ? ನಮ್ಮ ಸಂಬಳ ಆ ಪುಟದ ಹತ್ತಿರ ನಮ್ಮನ್ನು ಯಾವತ್ತೂ ಬಿಟ್ಟಿರಲಿಲ್ಲ, ಅದಕ್ಕೆ. ನಮಗೆ ಬೇಡವಾದದ್ದು ಪ್ರಪಂಚದಲ್ಲೇ ಇಲ್ಲ ಎಂದುಕೊಂಡಿದ್ದೆವು. ನಾಚಿಕೆಯಾಯಿತು. ಒಂದು ತಿಂಗಳು ಪಾತ್ರೆ ತೊಳೆದೆ. ತಳ ಹಿಡಿದ ಹಾಲಿನ ಪಾತ್ರೆಗಳು ಆ ತಿಂಗಳು ಅಷ್ಟೊಂದು ಹೇಗೆ ಬಂದವೋ, ನನಗೆ ಇನ್ನೂ ಅನುಮಾನವಿದೆ.

ಆ ದುಡ್ಡನ್ನೇ ಅಡ್ವಾನ್ಸ್ ಕೊಟ್ಟು ಅಕ್ಕ ಹತ್ತಿರದ ಊರು ಶೋರ್‌ಲೈನ್‌ನಲ್ಲಿ ಒಂದು ರೂಮಿನ ಬಾಡಿಗೆ ಮನೆ ಹಿಡಿದಳು. ಡೇಕೇರ್‌ನವರು ಪೂರ್ತಿ ದಿನದ ಕೆಲಸವನ್ನೂ ಕೊಟ್ಟಿದ್ದರು. ಸಾಮಾನು ಸಾಗಿಸುವ ದಿನ ನನಗೆ ತಡೆಯಲಾಗಲಿಲ್ಲ.

"ನಮ್ಮನೇಲಿ ನಿನಗೇನು ಕಮ್ಮಿ ಮಾಡಿದ್ವಿ ಅಕ್ಕ? ಒಂದು ಫಾರಂನಲ್ಲಿ ಮಗು ಹೆಸರು ಕೇಳಿದ್ದಕ್ಕೆ ನನ್ನ ಜೊತೆ ಅಷ್ಟು ಕುಸ್ತಿ ಆಡಿದೆ. ನಾನೇನು ಹೊರಗಿನವನಾ?"

ಪುಟ್ಟಿ ಹೊಸ ಮನೆಯ ಕಿಟಕಿಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದಳು. ಅಕ್ಕ ದನಿ ತಗ್ಗಿಸಿದಳು.

"ನೀನು ಏನೂ ಕಮ್ಮಿ ಮಾಡ್ಲಿಲ್ಲ ಕಣೋ. ಡೈವೋರ್ಸ್ ಪೇಪರ್‌ನಲ್ಲಿ ಅವರಪ್ಪ, ಮಗು ನನಗೆ ಬೇಡ ಅಂತ ಸೈನ್ ಹಾಕಿದಾನೆ. ಅವಳು ದೊಡ್ಡೋಳಾಗಿ ಒಂದಿನ ಅದನ್ನ ಓದ್ತಾಳೆ. ನನ್ನ ಮಗಳಲ್ವಾ, ಓದದೇ ಬಿಡ್ತಾಳಾ? ಆಮೇಲೆ ನನ್ನ ಪೇಪರ್ ಹುಡುಕ್ತಾಳೆ. ಸಾವಿರ ಡಾಲರ್ ಸಿಗತ್ತೆ ಅಂತ ಅಲ್ಲಿ ನಾನೂ ಅವಳ ಹೆಸರು ಬಿಟ್ಟಿದ್ರೆ?"

ಇಷ್ಟು ದಿನ ಒಂದೇ ಸೂರಿನ ಕೆಳಗಿದ್ದೆವು, ಅವಳು ಈ ಕಾಗದದ ಸುದ್ದಿ ಒಮ್ಮೆಯೂ ಎತ್ತಿರಲಿಲ್ಲ. ಮೂರು ವಾರ ಅವಳು ಅದನ್ನೇ ನುಂಗಿಕೊಂಡು ಕೂತು ಬರೆಯುತ್ತಿದ್ದರೆ ನಾನು ಸೊನ್ನೇನಾ ಸೊನ್ನೇನಾ ಎಂದು ಹಲ್ಲು ಕಿರಿಯುತ್ತಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

"ಏಯ್, ಎದ್ದೇಳೋ," ಎಂದಳು ಅಕ್ಕ, ನನ್ನ ತಲೆಗೂದಲು ಸರಿಮಾಡುತ್ತಾ. "ಲೀಸ್ ಓದಿದೀನಿ. ಮೆಟ್ಟಿಲಿಗೆ ಅಡ್ಡ ಕೂರೋ ಹಾಗಿಲ್ಲ."